ಅಕ್ಕನ ಮಡಿಗೆ ದವನದ ಸಾಬೂನು

ಕ್ಷಾರದ ನೀರು ಸಾಕಷ್ಟು ಬಲವಾಗಿದೆಯೇ ಎಂದು ತಿಳಿಯಲು ಅದರಲ್ಲಿ ಕೋಳಿಯ ಮೊಟ್ಟೆಯೊಂದನ್ನು ತೇಲಿಬಿಡಬೇಕೆಂದು ನನ್ನಲ್ಲಿದ್ದ ಸಾಬೂನಿನ ಕೈಪಿಡಿ ಹೇಳುತ್ತಿತ್ತು. ಹಾನಗಲ್ಲಿನ ನಮ್ಮ ಮನೆಗೆ ಆ ವಸ್ತುವನ್ನು ತರುವುದಿರಲಿ, ಆ ವಾಕ್ಯವನ್ನು ಗಟ್ಟಿಯಾಗಿ ಓದುವುದಕ್ಕೂ ಅವಕಾಶವಿರಲಿಲ್ಲ. ಆದುದರಿಂದ ನಾನು ಅದೇ ಗಾತ್ರದ ಬಟಾಟೆಯೊಂದನ್ನು ಆರಿಸಿ ತೊಳೆದು ಕ್ಷಾರದಲ್ಲಿ ಬಿಟ್ಟೆ. ಅದು ಮುಳುಗಿತು. ನೀರನ್ನು ಇನ್ನಷ್ಟು ಕುದಿಸಿ, ಆರಲು ಬಿಟ್ಟು, ಮತ್ತೊಮ್ಮೆ ಪ್ರಯತ್ನಿಸಿದೆ. ಈ ಸಲ ಬಟಾಟೆ ಮೇಲೆದ್ದು, ರೂಪಾಯಿ ನಾಣ್ಯದಷ್ಟು ಅಗಲವಾಗಿ ತನ್ನ ನೆತ್ತಿಯನ್ನು ತೋರಿಸಿ ನಿಂತಿತು.

ಹಿತ್ತಲ ಬಾಗಿಲಿನಿಂದ ನೋಡುತ್ತಿದ್ದ ಅಕ್ಕ ಕೇಳಿದಳು: "ಪಾಸಾತೇನೋ ನಿನ್ನ ಬಟಾಟಿ?"

"ಪಾಸಾತಕ್ಕ."

"ಸಾಲಿ ಬಿಟ್ಟು ಬಂದ್ರೂ ಪರೀಕ್ಷಾ ತಗೊಳ್ಳೂದು ಬಿಡಲಿಲ್ಲ ನೋಡು ನೀ."

ಹಿರೇಕೆರೂರಿನ ಶಾಲೆಯ ಮಾಸ್ತರಿಕೆಯನ್ನು ಬಿಟ್ಟು ನಾನು ಮನೆಗೆ ಮರಳಿದ್ದು ಎರಡನೆಯ ಮಹಾಯುದ್ಧದ ನಡುವಿನ ವರ್ಷಗಳಲ್ಲಿ. ಮನೆಯಲ್ಲಿದ್ದವರು ನಾನು, ಅಕ್ಕ ಮತ್ತು ದೇವರು. ಅಕ್ಕ ನನಗಿಂತ ಬಹಳ ದೊಡ್ಡವಳು. ಚಿಕ್ಕಂದಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳೂ ಅವಳೇ. ನೈವೇದ್ಯದ ಅಡಿಗೆ ಅವಳದಾಗಿತ್ತು. ಲೋಕವು ಅವಳಿಂದ ಒಂದೊಂದಾಗಿ ಎಲ್ಲವನ್ನೂ ತೆಗೆದುಕೊಂಡಿದ್ದರೂ ಅದೊಂದನ್ನು ಮಾತ್ರ ಅವಳಿಗೆ ಬಿಟ್ಟಿತ್ತು.

ಆ ಅಡಿಗೆಯನ್ನು ಮಡಿಯಲ್ಲಿ ಮಾಡಬೇಕು. ಎಂದರೆ, ಸ್ನಾನ ಮಾಡಿ, ಹಿಂದಿನ ದಿನ ತಾನೇ ಒಗೆದು, ಯಾರ ಕೈಯೂ ಸೋಕದಂತೆ ಸೂರಿಗೆ ತೂಗುಹಾಕಿದ ಬಿದಿರಿನ ಗಳದ ಮೇಲೆ ಕೋಲಿನಿಂದ ಹರವಿ ಒಣಗಿಸಿದ ಸೀರೆಯನ್ನುಟ್ಟು ಮಾಡಬೇಕು. ಮಡಿಯಲ್ಲಿರುವವರನ್ನು ಮೈಲಿಗೆಯ ಬಟ್ಟೆಯಲ್ಲಿರುವವರು ಮುಟ್ಟುವಂತಿಲ್ಲ. ಬಟ್ಟೆಯೇ ಇಲ್ಲದ ಕೂಸಿಗೆ ಮಾತ್ರ ಈ ನಿರ್ಬಂಧವಿಲ್ಲ. ನಾನು ಕೂಸಾಗಿದ್ದಾಗ ಅವಳು ಮಡಿಯುಟ್ಟು ಹೊರಬಂದೊಡನೆ ಅಂಗಿಯನ್ನು ಕಿತ್ತೆಸೆದು ಓಡಿಹೋಗಿ ಅವಳ ಸೀರೆಯಲ್ಲಿ ಮುಖವನ್ನು ಹುದುಗಿಸುತ್ತಿದ್ದೆ. ಆಗ ಆ ಸೀರೆಗೆ ದವನದ ವಾಸನೆಯಿತ್ತು. ರಟ್ಟೀಹಳ್ಳಿಯ ತನ್ನ ತವರಿನಿಂದ ತಂದಿದ್ದ ಪೆಟ್ಟಿಗೆಯಲ್ಲಿ ಅವ್ವ ಸೀರೆಗಳ ನಡುವೆ ಒಣ ದವನದ ಕಡ್ಡಿಗಳನ್ನು ಇಡುತ್ತಿದ್ದಳು. ಅವ್ವ ಹೋದ ಮೇಲೂ ಕೆಲವು ವರ್ಷ ಆ ವಾಸನೆ ಪೆಟ್ಟಿಗೆಯಲ್ಲಿ ಉಳಿದುಕೊಂಡಿತ್ತು. ಆಮೇಲೆ ಅದೂ ಹೋಯಿತು. ವಿಧವೆಯ ಪೆಟ್ಟಿಗೆಯಲ್ಲಿ ಹೊಸ ದವನವನ್ನು ಇಡುವ ಪದ್ಧತಿ ಇರಲಿಲ್ಲ. ಅಷ್ಟರಲ್ಲಿ ನಾನೂ ಅಂಗಿ ಕಿತ್ತೆಸೆಯುವ ವಯಸ್ಸನ್ನು ದಾಟಿದ್ದೆ.

ಪೇಟೆಯ ಸಾಬೂನಿನಲ್ಲಿ ಪ್ರಾಣಿಗಳ ಕೊಬ್ಬು ಇರುತ್ತದೆಂದು ಅಕ್ಕ ಅದನ್ನು ಹೊಸ್ತಿಲೊಳಗೆ ಬಿಟ್ಟುಕೊಂಡವಳಲ್ಲ. ಅಂಟುವಾಳದ ನೊರೆಯಲ್ಲಿ ಸೀರೆಗಳನ್ನು ಒಗೆಯುತ್ತಿದ್ದಳು. ಯುದ್ಧದ ದಿನಗಳಲ್ಲಿ ಅಂಟುವಾಳವೂ ಸರಿಯಾಗಿ ಸಿಗದಾದಾಗ ಬರಿಯ ಸೋಡಾವನ್ನು ಹಿಡಿದಳು. ಒಂದು ಬೇಸಿಗೆಯೊಳಗೆ ಅವಳ ಬೆರಳುಗಳ ಸಂದುಗಳು ಸೀಳಿದವು. ಸೀಳುಗಳು ಒಣಗುವ ಮೊದಲೇ ಮತ್ತೆ ಸೋಡಾ, ಮತ್ತೆ ನೀರು. ರಕ್ತ ಒಸರುವ ಕೈಯಿಂದ ನೈವೇದ್ಯ ಮಾಡುವಂತಿಲ್ಲ. ಆ ನಿಯಮವನ್ನು ಅವಳಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಅವಳು ಪ್ರತಿದಿನ ಬೆಳಿಗ್ಗೆ ಬೆಳಕಿಗೆ ಕೈಯೊಡ್ಡಿ ನೋಡಿಕೊಳ್ಳುವುದನ್ನು ನಾನು ಕಂಡೆ. ಹಾಗೆ ನಾನು ಸಾಬೂನಿನ ಕೆಲಸಕ್ಕೆ ಇಳಿದೆ.

ಕಾಸ್ಟಿಕ್ ಸೋಡಾ ಹುಬ್ಬಳ್ಳಿಯಲ್ಲಿಯೂ ದೊರೆಯುತ್ತಿರಲಿಲ್ಲ. ಬಟ್ಟೆಯ ಸೋಡಾವನ್ನು ಸುಣ್ಣದೊಡನೆ ಕಬ್ಬಿಣದ ಕಡಾಯಿಯಲ್ಲಿ ಕುದಿಸಿ, ಸುಣ್ಣವು ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬಸಿದು, ಬಟಾಟೆಯ ಪರೀಕ್ಷೆಗೆ ಒಡ್ಡಿ, ನಾನೇ ಕ್ಷಾರವನ್ನು ಸಿದ್ಧಪಡಿಸಿಕೊಂಡೆ. ಬರಿಯ ಕೊಬ್ಬರಿ ಎಣ್ಣೆಯಿಂದ ಮಾಡಿದ ಮೊದಲ ಸಾಬೂನು ಬಟ್ಟೆಯನ್ನು ಚೆನ್ನಾಗಿ ಶುದ್ಧಪಡಿಸಿತು; ಆದರೆ ಅಕ್ಕನ ಕೈಯನ್ನು ಇನ್ನಷ್ಟು ಒಣಗಿಸಿತು. ಎಣ್ಣೆಗೆ ಔಷಧದ ಗುಣ ಬರಬೇಕಾಗಿತ್ತು. ಅದಕ್ಕೆ ಬೇವು ಇತ್ತು.

ಎಲೆಯ ಮೇಲಿನ ಇಬ್ಬನಿ ಆರಿದ ಮೇಲೆ ಬೇವನ್ನು ಕೊಯ್ದು ಮೊರದಲ್ಲಿ ಹರವಿ ನೆರಳಿಗಿಟ್ಟೆ. ಬಿಸಿಲಿಗಿಟ್ಟರೆ ಹಸಿರು ಹಾರಿಹೋಗುತ್ತದೆ. ಬೆರಳುಗಳ ನಡುವೆ ಹಿಸುಕಿದರೆ ಪುಡಿಯಾಗುವಷ್ಟು ಒಣಗಿದ ಮೇಲೆ ಚೀನೀ ಜಾಡಿಗೆ ತುಂಬಿ, ಎಲೆಗಳು ಮುಳುಗುವಂತೆ ಎಣ್ಣೆ ಹೊಯ್ದು, ಬಾಯಿಗೆ ಬಟ್ಟೆ ಕಟ್ಟಿದೆ. ಜಾಡಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಸಗಣಿಯ ಕುಳ್ಳಿನ ಮಂದ ಉರಿಯ ಮೇಲೆ ಬೆಚ್ಚಗಾಗಿಸಿ, ಬಳಿಕ ಮಾಳಿಗೆಯ ಬಿಸಿಲಿನಲ್ಲಿ ಕೆಲವು ವಾರ ಇರಿಸಿದೆ. ಜಾಡಿಯ ಮೇಲೆ ಚೀಟಿಯೊಂದನ್ನು ಅಂಟಿಸಿದೆ: "ಇದರಲ್ಲಿ ಬೇವಿನ ಎಲೆಗಳನ್ನು ನೆನೆಯಿಸಲಾಗಿದೆ. ಅಲುಗಾಡಿಸಬಾರದು."

ಅಕ್ಕ ಅದನ್ನು ಓದಿ ನಕ್ಕಳು. "ಬೇವು ಅಂತ ಬರದ್ರ ಸಾಕಾಗತಿತ್ತು. ಜಾಡಿಗೂ ವ್ಯಾಕರಣ ಕಲಸ್ಲಿಕ್ಕತ್ತೀಯೇನು?"

"ಪೂರ್ಣ ವಾಕ್ಯ ಇರ್ಲಿ ಬಿಡಕ್ಕ. ಯಾರಿಗೂ ಸಂಶಯ ಬರಬಾರ್ದು."

"ಈ ಮನ್ಯಾಗ ಇರೂದ ಇಬ್ರು. ಸಂಶಯ ಯಾರಿಗೆ ಬರಬೇಕು, ಇಲಿಗೇನು?"

ಆ ಎಣ್ಣೆಯಿಂದ ಮಾಡಿದ ಸಾಬೂನು ಕೈಗೆ ಹಿತವಾಯಿತು. ಸೀಳುಗಳ ಅಂಚು ಮೆತ್ತಗಾಗತೊಡಗಿತು. ನಾನು ಗೆದ್ದೆನೆಂದುಕೊಂಡೆ. ಒಂದು ಬೆಳಿಗ್ಗೆ ಅಕ್ಕ ಆ ಸಾಬೂನನ್ನು ತಂದು ಹಿತ್ತಲ ಕಟ್ಟೆಯ ಮೇಲಿಟ್ಟಳು.

"ತಮ್ಮಾ, ಇದು ಬ್ಯಾಡ."

"ಯಾಕಕ್ಕ? ಕೈ ವಾಸಿ ಆಗ್ಲಿಕ್ಕತ್ತದಲ್ಲ?"

"ಕೈ ವಾಸಿ ಆಗ್ಲಿಕ್ಕತ್ತದ, ಖರೆ. ಆದ್ರ ಸೀರಿಗೆಲ್ಲಾ ಬೇವಿನ ವಾಸನಿ. ನಿನ್ನೆ ಪಾಯಸ ಮಾಡೂಮುಂದ ಪಾಯಸದ್ದ ವಾಸನಿ ನನಗ ತಿಳೀಲಿಲ್ಲ. ದೇವರಿಗೆ ಹ್ಯಾಂಗ ತಿಳದೀತು?"

ತುಳಸಿಯನ್ನು ಎಣ್ಣೆಯಲ್ಲಿ ಹಾಕೋಣವೆಂದೆ. ಅವಳು ಕಿವಿ ಮುಚ್ಚಿಕೊಂಡಳು. "ತುಳಸೀನ ಒಗ್ಯಾಣಕ್ಕ ಹಾಕತೀಯಾ? ಹುಚ್ಚಪ್ಪ!" ಆಗ ನಾನು ದವನದ ಹೆಸರೆತ್ತಿದೆ. ಚೈತ್ರದಲ್ಲಿ ದೇವರಿಗೆ ಏರಿಸುವ ಪತ್ರೆ ಅದು. ಅದರ ಕಂಪು ಬೇವನ್ನು ಅಡಗಿಸಬಲ್ಲದು. ಇವೆರಡೂ ನಿಜವಾದ ಕಾರಣಗಳೇ. ಮೂರನೆಯದೊಂದು ಇತ್ತು, ಅದನ್ನು ನಾನು ಹೇಳಲಿಲ್ಲ. "ನೋಡೋಣ ತಗೋ," ಎಂದಳು ಅಕ್ಕ. ಅಲ್ಲಿಯವರೆಗೆ ಅವಳು ಮತ್ತೆ ಸೋಡಾವನ್ನೇ ಹಿಡಿದಳು.

ಶಿಗ್ಗಾವಿಯಲ್ಲಿ ಇದ್ದಿಲಿನಿಂದ ಓಡುವ ಮೋಟಾರು ಬಸ್ಸನ್ನು ಬದಲಿಸಿ ನಾನು ಸವಣೂರಿಗೆ ಹೋದಾಗ ಶ್ರಾವಣದ ಮಳೆ ಹಿಡಿದಿತ್ತು. ಪೇಟೆಯ ಅತ್ತರಿನ ಸಾಹೇಬರು ಅಂಗಡಿಯ ಗಾದಿಯ ಮೇಲೆ ನನಗೆ ಜಾಗ ಮಾಡಿಕೊಟ್ಟರು.

"ಬರ್ರಿ ಮಾಸ್ತರ್, ಕುಂದರ್ರಿ. ಒಣ ದವನ? ಮನ್ಯಾಗ ಲಗ್ನ ಐತೇನ್ರಿ?"

"ಇಲ್ಲ, ಸಾಬೂನಿಗೆ ಬೇಕಾಗೇದ. ಬಟ್ಟಿ ಒಗೀಲಿಕ್ಕೆ."

ಸಾಹೇಬರು ಗಡ್ಡ ನೀವಿಕೊಂಡರು. "ತೌಬಾ! ಅರಮನಿ ಮಂದಿಗೂ ಈ ಶೋಕಿ ಇರ್ಲಿಲ್ರಿ. ಒಗ್ಯಾಣಕ್ಕ ದವನ!" ನಗುತ್ತಲೇ ಅವರು ಒಳಗಿನಿಂದ ಹೋದ ವರ್ಷದ ದವನವನ್ನು ತಂದು ಕಾಗದದಲ್ಲಿ ಕಟ್ಟಿಕೊಟ್ಟರು. ಮೋಟಾರಿನಲ್ಲಿ ಆ ಪೊಟ್ಟಣವನ್ನು ನಾನು ಬಗಲಲ್ಲಿಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಅವ್ವನ ಪೆಟ್ಟಿಗೆಯ ಮುಚ್ಚಳವನ್ನು ಯಾರೋ ತೆರೆದು ಮುಚ್ಚುತ್ತಿದ್ದಂತಿತ್ತು.

ಹಿತ್ತಲ ಬಾಗಿಲಲ್ಲೇ ಅಕ್ಕ ತಡೆದಳು. "ಯಾರ ಅಂಗಡೀದು?" ನಾನು ಹೇಳಿದೆ. ಅವಳು ಪೊಟ್ಟಣವನ್ನು ಕಲ್ಲಿನ ಮೇಲೆ ಬಿಚ್ಚಿಸಿ, ದೂರದಿಂದಲೇ ತಂಬಿಗೆಗಟ್ಟಲೆ ನೀರು ಸುರಿದಳು. ಹೊರಗಿನಿಂದ ಬಂದ ಸೊಪ್ಪು, ಕಾಯಿ, ಹಣ್ಣು ಯಾವುದೇ ಆಗಲಿ, ನಮ್ಮ ಮನೆಗಳಲ್ಲಿ ನೀರು ಕಾಣದೆ ಒಳಗೆ ಬರುವುದಿಲ್ಲ. ನಾನು ಅದನ್ನು ಹುಟ್ಟಿದಂದಿನಿಂದ ನೋಡಿದ್ದೆ. ಆದುದರಿಂದ ಅಂದು ಅದನ್ನು ನೋಡಿದೆನೇ ಹೊರತು ಗಮನಿಸಲಿಲ್ಲ. ಒಲೆಯ ಬಳಿ ಹರವಿದ ದವನ ಕೈಗೆ ಒಣಗಿದಂತೆಯೇ ತೋರಿತು. ಜಾಡಿಗೆ ತುಂಬಿ ಎಣ್ಣೆ ಹೊಯ್ದೆ.

ಮೊದಲು ಎಣ್ಣೆ ಮಸುಕಾಯಿತು. ಬಳಿಕ ಸಣ್ಣ ಗುಳ್ಳೆಗಳು ಎದ್ದವು. ಗಣೇಶನ ಹಬ್ಬದ ಹೊತ್ತಿಗೆ ಬಾಯಿಬಟ್ಟೆಯನ್ನು ಬಿಚ್ಚಿದಾಗ ದವನದ ಬದಲು ಕಮಟು ವಾಸನೆ ಬಂತು. ಎಣ್ಣೆಯಿಂದ ಮೇಲೆದ್ದ ಕಡ್ಡಿಗಳ ಮೇಲೆ ಬೂಸು ಬೆಳೆದಿತ್ತು. ಅದರ ಮಗ್ಗುಲಲ್ಲಿದ್ದ ಬೇವಿನ ಜಾಡಿ ಮಾತ್ರ ತಿಳಿಯಾಗಿತ್ತು. ನಾನು ಎರಡನ್ನೂ ಮುಂದಿಟ್ಟುಕೊಂಡು ಕುಳಿತೆ. ಒಂದೇ ಡಬ್ಬಿಯ ಎಣ್ಣೆ, ಒಂದೇ ಗೋಡೆಯ ಗೂಡು, ಒಂದೇ ತರಹದ ಜಾಡಿ. ಸಮನಾದದ್ದನ್ನೆಲ್ಲ ಲೆಕ್ಕದಿಂದ ಕಳೆಯುತ್ತ ಹೋದಾಗ ಕೊನೆಗೆ ಉಳಿದದ್ದು ತಂಬಿಗೆಯ ನೀರು. ಒಣಗಿದ ಕಡ್ಡಿಯ ಒಡಲೊಳಗೆ ಹೊಕ್ಕ ಆ ತೇವವೇ ಎಣ್ಣೆಯನ್ನು ಕೆಡಿಸಿತ್ತು.

ಅಕ್ಕನೊಡನೆ ವಾದಿಸಿದೆ. "ಗಾಣದಿಂದ ಬಂದ ಎಣ್ಣಿಗೆ ಮೈಲಿಗಿ ಇಲ್ಲ ಅಂತೀದಿ. ಹಂಗಿದ್ರ ಎಣ್ಣ್ಯಾಗ ಬಿದ್ದ ದವನಕ್ಕೂ ಮೈಲಿಗಿ ಇರಬಾರ್ದು."

"ಎಣ್ಣ್ಯಾಗ ಬಿದ್ದ ಮ್ಯಾಲೆ ಇಲ್ಲ. ಬೀಳೂದಕ್ಕಿಂತ ಮೊದಲ ಅದು ಬರೇ ಸೊಪ್ಪು. ನೀ ಮಾಸ್ತರ ಇದ್ದೀ, ಯಾವುದು ಮೊದಲ ಯಾವುದು ಆಮ್ಯಾಲೆ ತಿಳಿಯೂದಿಲ್ಲಾ?"

ಮತ್ತೊಮ್ಮೆ ದವನವನ್ನು ತಂದು ತೊಳೆದು, ಈ ಸಲ ಆಶ್ವಿನದ ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿದೆ. ಎಣ್ಣೆ ಕೆಡಲಿಲ್ಲ, ಆದರೆ ಕಂಪು ನೀರಿನೊಡನೆ, ಬಿಸಿಲಿನೊಡನೆ ಹೋಗಿಬಿಟ್ಟಿತ್ತು. ಹುಲ್ಲು ನೆನೆಯಿಸಿದ್ದರೂ ಅಷ್ಟೇ ವಾಸನೆ ಬರುತ್ತಿತ್ತು.

ಇನ್ನೊಂದು ದಾರಿಯಿತ್ತು, ಬಹಳ ಸುಲಭವಾದದ್ದು. ದವನವನ್ನು ಅಕ್ಕನ ಕಣ್ಣಿಗೆ ಬೀಳದಂತೆ ಕೊಟ್ಟಿಗೆಯಲ್ಲಿಟ್ಟು, ಒಣಗಿದ್ದುದನ್ನು ಒಣಗಿದ್ದಂತೆಯೇ ಎಣ್ಣೆಗೆ ಹಾಕಿ, ಸಾಬೂನನ್ನು ಮಾತ್ರ ಅವಳ ಕೈಗೆ ಕೊಡುವುದು. ಅವಳಿಗೆ ಎಂದೂ ತಿಳಿಯುತ್ತಿರಲಿಲ್ಲ. ಅವಳ ಕೈಗಳು ದಿನದಿನಕ್ಕೆ ಕೆಡುತ್ತಿದ್ದುವಾದುದರಿಂದ ನಾನು ಇದನ್ನು ಗಂಭೀರವಾಗಿಯೇ ಯೋಚಿಸಿದೆ. ಆದರೆ ಅವಳು ಆ ಸೀರೆಯನ್ನುಟ್ಟು, ತಾನು ಶುದ್ಧಳೆಂದು ನಂಬಿ, ದೇವರ ಮುಂದೆ ನಿಲ್ಲುವುದನ್ನು ನಾನು ಹೊಸ್ತಿಲಾಚೆ ಕುಳಿತು ನೋಡಬೇಕಾಗುತ್ತಿತ್ತು. ಅವಳ ಕೈಯನ್ನು ಉಳಿಸಲು ಹೋಗಿ ಆ ಕೈ ಮಾಡುವ ಪೂಜೆಯನ್ನು ಸುಳ್ಳು ಮಾಡಿದಂತಾಗುತ್ತಿತ್ತು. ನಾನು ಮತ್ತೆ ಸವಣೂರಿಗೆ ಹೋಗಿ ದವನದ ಬೀಜವನ್ನು ಕೇಳಿದೆ.

"ಬೀಜಾ?" ಎಂದರು ಸಾಹೇಬರು. "ಬಿತ್ತೂದಂದ್ರ ಒಂದು ಚಳಿಗಾಲ ಹೋಗತೈತ್ರಿ ಮಾಸ್ತರ್. ತಯಾರ್ ದವನ ಇಲ್ಲೇ ಐತಿ."

"ಇರ್ಲಿ. ಬೀಜಾನ ಕೊಡ್ರಿ."

ಅವರು ನನ್ನ ಮುಖವನ್ನು ನೋಡಿ ಕಣ್ಣು ಕಿರಿದು ಮಾಡಿದರು. "ಅಕ್ಕಾವ್ರು ನೀರು ಹಾಕಾಕತ್ತಾರೇನು?" ನಾನು ತಲೆಯಾಡಿಸಿದೆ. ಸಾಹೇಬರು ಮನಸಾರೆ ನಕ್ಕರು. "ಪುಣ್ಯಾ, ಅತ್ತರ್ ಒಯ್ಯಲಿಲ್ಲ ನೀವು. ಅದಕ್ಕೂ ನೀರು ಹಾಕಿಸ್ತಿದ್ರಿ." ಚಿಟಿಕೆಯಷ್ಟು ಬೀಜವನ್ನು ಕಾಗದದಲ್ಲಿ ಮಡಿಚಿ, "ಭಾಳ ಆಳಕ್ಕ ಹಾಕಬ್ಯಾಡ್ರಿ, ಉಸಿರು ಕಟ್ಟತೈತಿ," ಎಂದು ಹೇಳಿ ಕೊಟ್ಟರು.

ಅಕ್ಕ ಆ ಪೊಟ್ಟಣಕ್ಕೆ ನೀರು ಹಾಕಲಿಲ್ಲ. "ಮಣ್ಣಿಗೆ ಬೀಳೂ ವಸ್ತುಕ್ಕ ಮೈಲಿಗಿ ಎಲ್ಲೀದು?" ಎಂದು ತುಳಸಿಕಟ್ಟೆಯ ಪೂರ್ವಕ್ಕೆ ತಾನೇ ಜಾಗ ತೋರಿಸಿದಳು. ಮಣ್ಣನ್ನು ಜರಡಿ ಹಿಡಿದು ಪಾತಿ ಮಾಡಿಕೊಟ್ಟೆ. ಬೂದಿ ಬೆರೆಸಿದ ಬೀಜವನ್ನು ಉದುರಿಸಿದೆ. ಮಡಿಯ ನೀರಿನಲ್ಲಿ ಉಳಿದದ್ದನ್ನು ಅವಳೇ ದಿನವೂ ಚಿಮುಕಿಸುತ್ತಿದ್ದಳು.

ಚಳಿ ಬಿದ್ದೊಡನೆ ಅವಳ ಕೈಗಳು ತೀರ ಒಡೆದವು. ಸೀರೆಯನ್ನು ನಾನು ಒಗೆಯುತ್ತೇನೆಂದರೆ, "ನನ್ನ ಸೀರಿ ನೀ ಒಗ್ಯೂದು ಬ್ಯಾಡ, ಹೋಗು," ಎಂದು ಗದರಿಸಿದಳು. ಧನುರ್ಮಾಸ ಹಿಡಿಯುವ ಮುನ್ನಾದಿನ, ನಾನು ಕೇಳದೆಯೇ, ಅಡಿಗೆಮನೆಯ ಸೌಟನ್ನು ಹೊಸ್ತಿಲ ಮೇಲಿಟ್ಟು ಅವಳು ಹೊರಗೆ ಬಂದು ಕುಳಿತಳು. "ನಾಳಿಂದ ನೀ ಮಾಡು," ಎಂದಳು.

ಹೀಗೆ ನಾನು ಮಡಿಯುಟ್ಟು ಒಲೆಯ ಮುಂದೆ ಕುಳಿತೆ. ಅವಳು ಹೊಸ್ತಿಲಾಚೆ ಗೋಡೆಗೊರಗಿ, ಅರಿವೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಪಾಠ ಹೇಳಿದಳು.

"ಹುಗ್ಗಿಗೆ ಹೆಸರುಬ್ಯಾಳಿ ಹುರದೀಯೇನು?"

"ಹುರದೀನಿ."

"ವಾಸನಿ ಬರಲಿಲ್ಲಲಾ? ಮತ್ತ ಹುರಿ."

"ಹೊತ್ತೀತಕ್ಕ."

"ಹೊತ್ತಿದ್ರ ಇನ್ನೊಮ್ಮೆ ಮಾಡು. ಹುಡುಗೂರಿಗೆ ಹತ್ತತ್ತು ಸಲ ಬರಸ್ತಿದ್ದೆಲ್ಲ, ಈಗ ನಿನ್ನ ಪಾಳಿ."

ನಾನು ಹುರಿದೆ, ಹೊತ್ತಿಸಿದೆ, ಮತ್ತೆ ಹುರಿದೆ. ಅವಳು ನಗುತ್ತಿದ್ದಳು. ಆದರೆ ಮಂಗಳಾರತಿಯ ಹೊತ್ತಿಗೆ ಅವಳ ಕಣ್ಣುಗಳು ದೇವರ ಕಡೆಗಿರದೆ ಒಲೆಯ ಕಡೆಗಿರುತ್ತಿದ್ದವು. ತನ್ನ ಮನೆಯನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟವರು ಬೀದಿಯಲ್ಲಿ ನಿಂತು ಕಿಟಕಿಯನ್ನು ನೋಡುವಂತೆ ಅವಳು ಅದನ್ನು ನೋಡುತ್ತಿದ್ದಳು. ಮಧ್ಯಾಹ್ನ ಹಿತ್ತಲಿಗೆ ಹೋಗಿ ದವನದ ಸಸಿಗಳ ಮುಂದೆ ಕುಳಿತುಕೊಳ್ಳುತ್ತಿದ್ದಳು. ಅವು ಮೊದಲು ಬೂದುಹಸಿರಿನ ಮಂಜಿನಂತಿದ್ದು, ಮಾಘದ ಹೊತ್ತಿಗೆ ಗೇಣುದ್ದ ಬೆಳೆದವು.

ಮಾಘದ ಕೊನೆಗೆ ಕೊಯ್ದೆ. ಬೇವಿನಂತೆಯೇ ನೆರಳಿನಲ್ಲಿ ಒಣಗಿಸಿ, ಎಣ್ಣೆಯಲ್ಲಿ ನೆನೆಯಿಸಿ, ಕೆಲವು ವಾರಗಳ ಬಳಿಕ ತೆಳುವಾದ ಮಲ್ಲಿನ ಬಟ್ಟೆಯಲ್ಲಿ ಸೋಸಿದೆ. ಎಣ್ಣೆ ತಿಳಿಯಾಗಿತ್ತು, ವಾಸನೆ ತುಂಬಿತ್ತು. ಅದರಲ್ಲಿ ಅರ್ಧವನ್ನು ಬೇವಿನ ಎಣ್ಣೆಯೊಡನೆ ಬೆರೆಸಿ, ಬೆಚ್ಚಗಾಗಿಸಿ, ಕ್ಷಾರವನ್ನು ಸಣ್ಣ ಧಾರೆಯಾಗಿ ಹೊಯ್ಯುತ್ತ ತಿರುವಿದೆ. ಹದ ಸರಿಯಾಗಿ ಬಂತು. ಕರಟಗಳಿಗೆ ಹೊಯ್ದು, ಕೈಪಿಡಿಯಲ್ಲಿ ಹೇಳಿದಂತೆ ಗೋಣಿಚೀಲ ಹೊದಿಸಿ ಬೆಚ್ಚಗಿಟ್ಟೆ. ಮರುದಿನ ಚೀಲವನ್ನು ತೆಗೆದಾಗ ದವನದ ಸುಳಿವೂ ಇರಲಿಲ್ಲ. ಬೇವು ಮಾತ್ರ ಎಂದಿನಂತೆ ಇತ್ತು.

ಅಕ್ಕ ಒಂದು ಕರಟವನ್ನು ಮೂಗಿನ ಹತ್ತಿರ ಹಿಡಿದು ಇಳಿಸಿದಳು. "ಇರ್ಲಿ ಬಿಡು ತಮ್ಮಾ. ನನ್ನ ಹಣ್ಯಾಗ ಬರದದ್ದು ಬೇವು. ಇದನ್ನ ಹಚ್ಚಿ ಒಗೀತೀನಿ, ಅಡಿಗಿ ನೀನ ಮಾಡಿಕೋತ ಹೋಗು." ಆ ವರ್ಷದಲ್ಲಿ ಅವಳ ಬಾಯಿಂದ ಸೋಲಿನ ಮಾತು ಬಂದದ್ದು ಅದೊಂದೇ ಸಲ.

ಉಳಿದದ್ದು ಅರ್ಧ ಜಾಡಿ. ಅದೂ ಕೆಟ್ಟರೆ ಇನ್ನೊಂದು ಚಳಿಗಾಲ ಕಾಯಬೇಕು. ನಾನು ಕೆಲಸವನ್ನು ಮೊದಲಿನಿಂದ ಮನಸ್ಸಿನಲ್ಲಿ ಬಿಡಿಸಿ ನೋಡಿದೆ. ಎಣ್ಣೆಯನ್ನು ಸಾಬೂನಾಗಿಸುವ ಕ್ಷಾರ ಅದರ ಕಂಪನ್ನೂ ತಿನ್ನುತ್ತದೆ. ತಿಂದು ಉಳಿದದ್ದನ್ನು ಚೀಲದ ಕಾವು ಹಾರಿಸುತ್ತದೆ. ಹಾಗಾದರೆ ಕ್ಷಾರದ ಹಸಿವು ಬೇವಿನ ಎಣ್ಣೆಯಲ್ಲೇ ತೀರಬೇಕು. ದವನವು ಅದರ ಊಟ ಮುಗಿದ ಮೇಲೆ ಬರಬೇಕು. ಈ ಸಲ ಕ್ಷಾರವನ್ನು ತುಸು ಕಡಿಮೆ ಮಾಡಿ, ಬೇವಿನ ಎಣ್ಣೆಯೊಂದಕ್ಕೇ ಹೊಯ್ದು ತಿರುವಿದೆ. ತಿರುವುವ ಮರದ ಹುಟ್ಟಿನಿಂದ ಗೆರೆಯೆಳೆದರೆ ದೋಸೆಹಿಟ್ಟಿನ ಮೇಲಿನಂತೆ ಗೆರೆ ನಿಂತಿತು. ಆಗಲೂ ಹಾಕಲಿಲ್ಲ. ಕಡಾಯಿಯ ಹೊರಮೈಗೆ ಅಂಗೈ ತಾಗಿಸಿ, ಅದು ಮೈಯಷ್ಟೇ ಬೆಚ್ಚಗಿದೆಯೆಂದು ಖಚಿತವಾದ ಮೇಲೆ ದವನದ ಎಣ್ಣೆಯನ್ನು ಸುರಿದು ಬೇಗನೆ ಕಲಸಿದೆ. ಕರಟಗಳಿಗೆ ತುಂಬಿ, ಚೀಲ ಹೊದಿಸದೆ, ಗಾಳಿಯಾಡುವ ಪಡಸಾಲೆಯಲ್ಲಿ ತೆರೆದೇ ಇಟ್ಟೆ.

ಮರುದಿನ ಅವು ಮೆತ್ತಗಿದ್ದವು. ಗಟ್ಟಿಯಾಗಲು ಯುಗಾದಿ ಕಳೆಯಿತು. ಒಂದನ್ನು ನಾಲಿಗೆಯ ತುದಿಗೆ ತಾಗಿಸಿ ನೋಡಿದೆ. ಕ್ಷಾರದ ಚುರುಕು ಇರಲಿಲ್ಲ. ಅಕ್ಕನಿಗೆ ಕೊಟ್ಟೆ. ಅವಳು ಅದನ್ನು ಮೂಗಿನ ಬಳಿಗೆ ತಂದಳು. ತಂದ ಕೈ ಅಲ್ಲೇ ನಿಂತಿತು.

"ಅವ್ವನ ಟ್ರಂಕು," ಎಂದಳು. ಆಮೇಲೆ, "ಮಂದಿ ಏನಂದಾರೋ? ನಾ ಇಂಥಾ ವಾಸನಿ..." ಎಂದು ನಿಲ್ಲಿಸಿದಳು. ಅದು ನಾನು ತೀರ್ಮಾನಿಸುವ ವಿಷಯವಾಗಿರಲಿಲ್ಲ. ಅವಳು ಕರಟವನ್ನು ತಿರುಗಿಸುತ್ತ, ಬಾವಿಯ ಕಡೆ ನೋಡಿ ಎದ್ದಳು. "ಮೈಗೆ ಹಚ್ಚೂದಲ್ಲಲಾ. ಬಟ್ಟಿಗೆ. ಅದೂ ದೇವರ ಮಡಿಗೆ." ಅಷ್ಟು ಹೇಳಿ ಸೀರೆ ಹಿಡಿದು ಕಲ್ಲಿನ ಕಡೆ ನಡೆದಳು.

ಚೈತ್ರ ಮುಗಿಯುವುದರೊಳಗೆ ಸೀಳುಗಳು ಕೂಡಿಕೊಂಡವು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಒಲೆ ಹೊತ್ತಿತ್ತು, ಸೌಟು ಒಳಗೆ ಹೋಗಿತ್ತು, ಹುರಿದ ಹೆಸರುಬೇಳೆಯ ಪರಿಮಳ ಬರುತ್ತಿತ್ತು. ನಾನು ನಡುಮನೆಗೆ ಬಂದೆ. ಗಳದ ಮೇಲೆ ಮರುದಿನದ ಸೀರೆ ಆಗತಾನೇ ಹರವಿದ್ದು, ಅದರ ಸೆರಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿತ್ತಲಿನ ಗಾಳಿ ಒಳಗೆ ಬಂದಾಗ ಸೀರೆ ಅಲುಗಿತು. ದವನ. ನಾನು ಅದರ ಕೆಳಗೆ, ಕೈಯೆತ್ತಿದರೆ ತಾಗುವಷ್ಟು ಹತ್ತಿರ, ನಿಂತುಬಿಟ್ಟಿದ್ದೆನೆಂದು ತೋರುತ್ತದೆ.

"ದೂರ, ದೂರ! ಮಡಿ ಅದ!" ಅಡಿಗೆಮನೆಯ ಬಾಗಿಲಲ್ಲಿ ಅಕ್ಕ ಸೌಟು ಹಿಡಿದು ನಿಂತಿದ್ದಳು. ನಾನು ಥಟ್ಟನೆ ಹಿಂದೆ ಸರಿದೆ. ಅವಳು ನನ್ನನ್ನು, ನನ್ನ ಮೇಲಿನ ಸೀರೆಯನ್ನು, ಮತ್ತೆ ನನ್ನನ್ನು ನೋಡಿದಳು. ಅವಳ ಮುಖದ ಮೇಲೆ ನಗು ನಿಧಾನವಾಗಿ ಹರಡಿತು.

"ಏನು, ಅಂಗಿ ತಗದು ಓಡಿಬರ್ತೀಯೇನು, ಮೊದಲಿನಂಗ?"

ತಲೆಯಲ್ಲಿ ನರೆ ಬಂದ ನಾನು ತಲೆತಗ್ಗಿಸಿದೆ. ಇಬ್ಬರೂ ನಕ್ಕೆವು. ಆಮೇಲೆ ಅವಳು ಒಳಗೆ ಹೋದಳು, ಏಕೆಂದರೆ ಬೇಳೆ ಹೊತ್ತುವ ಹಾಗಿತ್ತು.

ಅಕ್ಕ ಹೋಗಿ ಈಗ ಒಂದು ಚಳಿಗಾಲ ಕಳೆದಿದೆ. ಹಿತ್ತಲಲ್ಲಿ ದವನ ತಾನಾಗಿ ಅಲ್ಲಲ್ಲಿ ಹುಟ್ಟುತ್ತದೆ. ನಡುಮನೆಯ ಗಳ ಹಾಗೆಯೇ ತೂಗುತ್ತಿದೆ; ಅದರ ಮೇಲೆ ಏನೂ ಇಲ್ಲ, ಅದನ್ನು ನಾನು ಯಾವ ಹೊತ್ತಿನಲ್ಲಾದರೂ ಮುಟ್ಟಬಹುದು. ಆದರೂ ಅಲ್ಲಿಂದ ಹಾಯ್ದುಹೋಗುವಾಗ ಒಂದು ಮಾರು ದೂರ ಸರಿದೇ ನಡೆಯುತ್ತೇನೆ.